ವಲೇರಿಯನ್ ಕೈಕೊಟ್ಟರೆ: ಬೀಜದಿಂದ ಕಷಾಯದ ಲೋಟದವರೆಗೆ ಎಲ್ಲಿ ಏನು ನೋಡಬೇಕು

ವಲೇರಿಯನ್ ಅಂದರೆ ನಿದ್ದೆಗೆ ಅಂತ ಬೇರಿನ ಕಷಾಯ ಮಾಡಿ ಕುಡಿಯುವ ಗಿಡ. ಅದನ್ನು ಬೆಳೆಸುವವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಬೀಜ ಮೊಳೆಯಲಿಲ್ಲ, ಎಲೆ ಹಳದಿ ಆಯಿತು, ಹೂವೇ ಇಲ್ಲ, ಬೆಕ್ಕು ಕಿತ್ತುಹಾಕಿತು, ಬೇರು ದಪ್ಪ ಆಗಲಿಲ್ಲ, ಕಷಾಯ ಕುಡಿದರೂ ನಿದ್ದೆ ಬರಲಿಲ್ಲ. ಇಂಗ್ಲೆಂಡಿನಲ್ಲಿ ಹಿತ್ತಲಿನಲ್ಲೋ ಬಾಡಿಗೆ ತೋಟವಾದ ಅಲಾಟ್‌ಮೆಂಟಿನಲ್ಲೋ ಇದನ್ನು ಹಾಕಿರುವ ನಮ್ಮವರಿಗೆ ಅನುಕೂಲವಾಗಲಿ ಅಂತ, ಕಣ್ಣಿಗೆ ಕಾಣುವ ಲಕ್ಷಣ ಹಿಡಿದು ಬರೆದಿದ್ದೇನೆ. ಪ್ರತಿ ಕಡೆ ಮೊದಲು ದುಡ್ಡು ಖರ್ಚಾಗದ ಪರೀಕ್ಷೆ, ಆಮೇಲೆ ಕೈ ಮಣ್ಣಾಗುವ ಕೆಲಸ.

ಮೊದಲು ಗಿಡದ ಸ್ವಭಾವ ತಿಳಿದಿರಲಿ. ವಲೇರಿಯಾನಾ ಅಫಿಸಿನಾಲಿಸ್ ಯೂರೋಪ್ ಮತ್ತು ಏಷ್ಯಾದ ತಂಪು ಪ್ರದೇಶದ ಗಿಡ. ಹೊಳೆ ದಂಡೆ, ಹಳ್ಳದ ಬದಿ, ತೇವದ ಹುಲ್ಲುಗಾವಲು ಇದರ ಮನೆ. ಚಳಿಗಾಲದಲ್ಲಿ ಮೇಲೆಲ್ಲಾ ಒಣಗಿ, ವಸಂತದಲ್ಲಿ ಬುಡದಿಂದ ಮತ್ತೆ ಚಿಗುರುತ್ತದೆ. ಒಂದರಿಂದ ಒಂದೂವರೆ ಮೀಟರ್ ಎತ್ತರ ಹೋಗುತ್ತದೆ, ಜಾಗ ಹಿಡಿಸಿದರೆ ಇನ್ನೂ ಜಾಸ್ತಿ. ಔಷಧಿಗೆ ಬಳಸುವುದು ಬೇರು, ಅದೂ ಎರಡನೇ ವರ್ಷದ್ದು. ತಂಪು, ತೇವ, ಎರಡು ವರ್ಷ. ಕೆಳಗೆ ಬರುವ ತೊಂದರೆಗಳಲ್ಲಿ ಬಹುಪಾಲು ಈ ಮೂರರಲ್ಲಿ ಒಂದು ತಪ್ಪಿದ್ದರಿಂದಲೇ ಬರುತ್ತವೆ.

ಹೂವು ಕಡುಗೆಂಪು, ಎಲೆ ದಪ್ಪ, ಚಿತ್ರದಲ್ಲಿದ್ದ ಹಾಗೆ ಇಲ್ಲ

ನಿಮ್ಮ ಹತ್ತಿರ ಇರುವುದು ಬೇರೆ ಗಿಡ. ಇಂಗ್ಲೆಂಡಿನ ನರ್ಸರಿಗಳಲ್ಲಿ 'ರೆಡ್ ವಲೇರಿಯನ್' ಅಂತ ಮಾರುವುದು ಸೆಂಟ್ರಾಂಥಸ್ ರೂಬರ್. ಮೆಡಿಟರೇನಿಯನ್ ಕಡೆಯಿಂದ ಬಂದು ಇಲ್ಲಿನ ಹಳೇ ಗೋಡೆ, ರೈಲು ದಾರಿಯ ಏರಿಗಳಲ್ಲಿ ತಾನೇ ಬೆಳೆದುಕೊಂಡಿದೆ. ಎಲೆ ನುಣುಪು, ಸ್ವಲ್ಪ ನೀಲಿ ಛಾಯೆಯ ಹಸಿರು, ಸೀಳಿಲ್ಲದ ಇಡೀ ಎಲೆ. ನೋಡಲು ಚೆಂದ, ಆದರೆ ನಿದ್ದೆಯ ಕಷಾಯಕ್ಕೆ ಬಳಸುವ ಗಿಡ ಇದಲ್ಲ. 'ಗ್ರೀಕ್ ವಲೇರಿಯನ್' ಅಂತ ಇನ್ನೊಂದಿದೆ, ನೀಲಿ ಹೂವಿನ ಪೊಲೆಮೋನಿಯಂ. ಅದೂ ಬೇರೆಯೇ. ಹಾಗಾಗಿ ಕೊಳ್ಳುವಾಗ ಚೀಟಿಯಲ್ಲಿ 'ಅಫಿಸಿನಾಲಿಸ್' ಅನ್ನುವ ಪದ ಇದೆಯಾ ನೋಡಿ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಅಂದರೆ ಇದೇ.

ಚೀಟಿ ಕಳೆದುಹೋಗಿದ್ದರೆ ಕಾಂಡ ಹಿಡಿದು ನೋಡಿ. ನಿಜವಾದ ವಲೇರಿಯನ್‌ನಲ್ಲಿ ಎಲೆಗಳು ಕಾಂಡದ ಎರಡೂ ಬದಿಗೆ ಎದುರುಬದುರಾಗಿ ಜೋಡಿಯಾಗಿ ಹುಟ್ಟುತ್ತವೆ. ಪ್ರತಿ ಎಲೆಯೂ ನಡುದಂಟಿನ ಎರಡು ಕಡೆ ಸಣ್ಣ ಸಣ್ಣ ಉಪಎಲೆಗಳಾಗಿ ಒಡೆದಿರುತ್ತದೆ, ಕರಿಬೇವಿನ ಕಡ್ಡಿಯ ಥರ, ಆದರೆ ಅಂಚು ಗರಗಸ. ಕಾಂಡ ಟೊಳ್ಳು, ಉದ್ದಕ್ಕೂ ಗೀರುಗಳಿರುತ್ತವೆ. ಹೂವು ಬಿಳಿ ಅಥವಾ ತೆಳು ಗುಲಾಬಿ, ಒಂದೊಂದೂ ಕೆಲವೇ ಮಿಲಿಮೀಟರ್, ಗೊಂಚಲಾಗಿ ಬಿಡುತ್ತದೆ, ಸಿಹಿ ವಾಸನೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳ್ಳದ ಬದಿಯಲ್ಲಿ ಬಿಳಿ ಗೊಂಚಲು ಹೂವಿನ ಗಿಡ ಕಂಡು ಇದೇ ವಲೇರಿಯನ್ ಅಂತ ಬೇರು ಅಗೆಯಲು ಹೋಗಬೇಡಿ. ಅದೇ ಜಾಗದಲ್ಲಿ ಹೆಮ್ಲಾಕ್ ವಾಟರ್ ಡ್ರಾಪ್‌ವರ್ಟ್ ಬೆಳೆಯುತ್ತದೆ. ಬ್ರಿಟನ್ನಿನ ಅತ್ಯಂತ ವಿಷದ ಗಿಡಗಳಲ್ಲಿ ಅದೂ ಒಂದು, ಮತ್ತು ವಿಷ ಜಾಸ್ತಿ ಇರುವುದು ಬೇರಿನಲ್ಲೇ. ಸ್ವಲ್ಪ ತಿಂದರೂ ಜೀವ ಹೋಗಬಹುದು. ಅದು ಮತ್ತು ಇನ್ನೊಂದು ವಿಷದ ಗಿಡವಾದ ಹೆಮ್ಲಾಕ್ ಎರಡೂ ಕ್ಯಾರೆಟ್, ಕೊತ್ತಂಬರಿ ಜಾತಿಗೆ ಸೇರಿದವು. ಆ ಜಾತಿಯಲ್ಲಿ ಎಲೆಗಳು ಜೋಡಿಯಾಗಿ ಬರುವುದಿಲ್ಲ, ಒಂದಾದ ಮೇಲೊಂದು ಬೇರೆ ಬೇರೆ ಎತ್ತರದಲ್ಲಿ ಹುಟ್ಟುತ್ತವೆ, ಎಲೆಯ ಬುಡ ಕಾಂಡವನ್ನು ಕವಚದಂತೆ ಸುತ್ತಿಕೊಂಡಿರುತ್ತದೆ. ಹೆಮ್ಲಾಕ್ ಕಾಂಡದ ಮೇಲೆ ನೇರಳೆ ಮಚ್ಚೆಗಳೂ ಇರುತ್ತವೆ. ಡ್ರಾಪ್‌ವರ್ಟ್ ಬೇರು ಬಿಳಿ ಗೆಡ್ಡೆಗಳ ಗೊಂಚಲು, ವಲೇರಿಯನ್ ಬೇರು ತೆಳು ದಾರಗಳ ರಾಶಿ. ಇಷ್ಟೆಲ್ಲಾ ಗೊತ್ತಿದ್ದರೂ ಕಾಡಿನದ್ದನ್ನು ಮುಟ್ಟಬೇಡಿ ಅನ್ನುವುದೇ ನನ್ನ ಸಲಹೆ. ಜಮೀನಿನವರ ಒಪ್ಪಿಗೆ ಇಲ್ಲದೆ ಕಾಡುಗಿಡ ಬೇರುಸಹಿತ ಕೀಳುವುದು 1981ರ ವನ್ಯಜೀವಿ ಕಾಯ್ದೆ ಪ್ರಕಾರ ಇಲ್ಲಿ ಅಪರಾಧ ಕೂಡ. ಯಾರಾದರೂ ಅನುಮಾನದ ಬೇರು ಬಾಯಿಗೆ ಹಾಕಿಕೊಂಡಿದ್ದರೆ ಲಕ್ಷಣ ಬರಲಿ ಅಂತ ಕಾಯಬೇಡಿ, ತಕ್ಷಣ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ, ಉಳಿದ ಬೇರನ್ನು ಒಂದು ಕವರಿನಲ್ಲಿ ಹಾಕಿ ಜೊತೆಗೆ ಇಟ್ಟುಕೊಳ್ಳಿ.

ಬೀಜ ಹಾಕಿ ಮೂರು ವಾರ ಆಯ್ತು, ಏನೂ ಬಂದಿಲ್ಲ

ಪೊಟ್ಟಣದ ಮೇಲಿನ ವರ್ಷ ನೋಡಿ. ವಲೇರಿಯನ್ ಬೀಜದ ಜೀವ ಬಹಳ ಕಡಿಮೆ, ಒಂದು ವರ್ಷ ದಾಟಿದರೆ ಮೊಳೆಯುವುದು ಸಿಕ್ಕಾಪಟ್ಟೆ ಇಳಿದುಹೋಗುತ್ತದೆ. ಹೋದ ವರ್ಷ ಉಳಿದಿತ್ತು ಅಂತ ಈ ವರ್ಷ ಹಾಕಿದ್ದರೆ ಕಾರಣ ಅದೇ ಇರಬಹುದು.

ಬೀಜ ಹೊಸದೇ? ಹಾಗಿದ್ದರೆ ಮಣ್ಣು ಎಷ್ಟು ಮುಚ್ಚಿದ್ದಿರಿ ನೆನಪಿಸಿಕೊಳ್ಳಿ. ಈ ಬೀಜಕ್ಕೆ ಬೆಳಕು ಬೇಕು. ಹುರುಳಿ, ಅವರೆ ಊರುವ ಹಾಗೆ ಒಳಗೆ ಒತ್ತಿಬಿಟ್ಟರೆ ಬರುವುದಿಲ್ಲ. ಒದ್ದೆ ಕಾಂಪೋಸ್ಟ್ ಮೇಲೆ ಸುಮ್ನೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಮುಚ್ಚಲೇಬೇಕು ಅನಿಸಿದರೆ ಬೀಜ ಅರ್ಧ ಕಾಣುವಷ್ಟು ಸಣ್ಣ ಮರಳು ಉದುರಿಸಿ. ಮೇಲಿಂದ ನೀರು ಸುರಿದರೆ ಬೀಜ ಕೊಚ್ಚಿಕೊಂಡು ಮೂಲೆಗೆ ಹೋಗುತ್ತವೆ, ಟ್ರೇಯನ್ನು ನೀರಿರುವ ತಟ್ಟೆಯಲ್ಲಿ ಇಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡಿ. 18ರಿಂದ 20 ಡಿಗ್ರಿ ಶಾಖ ಇರಲಿ, ಒಂದು ದಿನವೂ ಮೇಲ್ಪದರ ಒಣಗದಿರಲಿ. ಒಂದರಿಂದ ಮೂರು ವಾರದಲ್ಲಿ ಬರಬೇಕು.

ಇನ್ನೂ ಅನುಮಾನವಿದ್ದರೆ ಹತ್ತು ಬೀಜ ತೆಗೆದುಕೊಂಡು ಒದ್ದೆ ಟಿಶ್ಯೂ ಮೇಲೆ ಹರಡಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಿಟಕಿ ಹತ್ತಿರ ಇಡಿ, ನೇರ ಬಿಸಿಲು ಬೇಡ. ಮೂರು ವಾರದಲ್ಲಿ ಒಂದೆರಡೂ ಮೊಳೆಯದಿದ್ದರೆ ಪೊಟ್ಟಣ ಬಿಸಾಡಿ. ಐದಾರು ಮೊಳೆತರೆ ಬೀಜ ಚೆನ್ನಾಗಿದೆ, ನಿಮ್ಮ ಟ್ರೇಯಲ್ಲೇ ಏನೋ ಸರಿಯಿಲ್ಲ ಅಂತ ಅರ್ಥ.

ಮೊಳೆತ ಸಸಿಯ ಮೊದಲ ಎಲೆಗಳು ಇಡಿಯಾಗಿ, ಗುಂಡಗೆ ಇರುತ್ತವೆ. ಸೀಳಿರುವ ಎಲೆ ಆಮೇಲೆ ಬರುತ್ತದೆ. ಕಳೆ ಅಂತ ಕಿತ್ತುಹಾಕಬೇಡಿ.

ನನ್ನನ್ನು ಕೇಳಿದರೆ, ಒಂದೆರಡು ಗಿಡ ಸಾಕು ಅನ್ನುವವರು ಬೀಜದ ತಂಟೆಗೇ ಹೋಗಬಾರದು. ಗಿಡಮೂಲಿಕೆ ನರ್ಸರಿಯಿಂದ ಒಂದು ಸಣ್ಣ ಕುಂಡ ತಂದರೆ ಒಂದು ವರ್ಷ ಕಾಯುವುದು ಉಳಿಯುತ್ತದೆ. ಹತ್ತಿರದ ಯಾರದ್ದಾದರೂ ಹಳೇ ಬುಡ ಇದ್ದರೆ ಮಾರ್ಚಿಯಲ್ಲಿ ಸೀಳಿಕೊಂಡು ತನ್ನಿ, ಅದು ಇನ್ನೂ ಅಗ್ಗ.

ನಿನ್ನೆ ಇದ್ದ ಸಸಿ ಇವತ್ತು ಇಲ್ಲ

ಸ್ಲಗ್‌ಗಳ ಕೆಲಸ, ಅಂದರೆ ಚಿಪ್ಪಿಲ್ಲದ ಬಸವನಹುಳು. ಮಣ್ಣಿನ ಮೇಲೆ ಬೆಳ್ಳಿ ಬಣ್ಣದ ಲೋಳೆ ಗೆರೆ ಇದೆಯಾ ನೋಡಿ. ರಾತ್ರಿ ಟಾರ್ಚ್ ಹಿಡಿದು ಹೋದರೆ ಕೈಗೇ ಸಿಗುತ್ತವೆ. ಸ್ಲಗ್ ಕೊಲ್ಲುವ ಹಳೇ ಮೆಟಾಲ್ಡಿಹೈಡ್ ಗುಳಿಗೆ ಶೆಡ್ಡಿನಲ್ಲಿ ಉಳಿದಿದ್ದರೆ ಬಳಸಬೇಡಿ, 2022ರಿಂದ ಇಲ್ಲಿ ಹೊರಗೆ ಬಳಸುವುದು ನಿಷೇಧ. ಸಸಿ ಅಂಗೈ ಉದ್ದ ಆಗುವವರೆಗೆ ಒಳಗೇ ಬೆಳೆಸಿ ಆಮೇಲೆ ನೆಡಿ, ಅಷ್ಟು ಹೊತ್ತಿಗೆ ಕಾಂಡ ಗಟ್ಟಿಯಾಗಿರುತ್ತದೆ.

ಸಸಿ ಮಾಯವಾಗದೆ ಅಲ್ಲೇ ಬಿದ್ದಿದ್ದರೆ, ಬುಡ ದಾರದಂತೆ ಸಣಕಲಾಗಿ ಕಂದು ಬಣ್ಣ ಆಗಿದ್ದರೆ, ಅದು ಬುಡ ಕೊಳೆಯುವ ಶಿಲೀಂಧ್ರ. ನೀರು ಜಾಸ್ತಿ, ಗಾಳಿ ಕಡಿಮೆ ಆಗಿ ಬರುತ್ತದೆ. ಮುಚ್ಚಳ ತೆಗೆಯಿರಿ, ಸಸಿ ವಿರಳ ಮಾಡಿ. ಬಿದ್ದವು ಏಳುವುದಿಲ್ಲ.

ಎಲೆ ಹಳದಿ ಆಗ್ತಿದೆ, ಗಿಡ ಬಾಡಿದೆ

ಮೊದಲು ಕ್ಯಾಲೆಂಡರ್ ನೋಡಿ! ಅಕ್ಟೋಬರ್, ನವೆಂಬರ್ ಆಗಿದ್ದರೆ ಏನೂ ಆಗಿಲ್ಲ. ಗಿಡ ಚಳಿಗಾಲಕ್ಕೆ ಒಣಗುತ್ತಿದೆ ಅಷ್ಟೇ. ನಮ್ಮ ಕಡೆ ವರ್ಷವಿಡೀ ಹಸಿರಾಗಿರುವ ತುಳಸಿ, ದೊಡ್ಡಪತ್ರೆ ನೋಡಿ ಅಭ್ಯಾಸ ಇರುವವರಿಗೆ ಇದು ಸತ್ತೇಹೋಯಿತು ಅನಿಸುತ್ತದೆ. ಸತ್ತಿಲ್ಲ. ಬುಡದ ಪಕ್ಕ ಒಂದು ಕೋಲು ನೆಟ್ಟು ಗುರುತು ಇಟ್ಟುಕೊಳ್ಳಿ, ಮಾರ್ಚಿಯಲ್ಲಿ ಮತ್ತೆ ಚಿಗುರುತ್ತದೆ.

ಬೇಸಿಗೆಯಲ್ಲಿ ಹಳದಿ ಆಗಿದ್ದರೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಣಗಿದೆಯಾ? ಎಲೆಯ ಅಂಚು ಗರಿಗರಿ ಆಗಿದೆಯಾ? ನೀರಿನ ಕೊರತೆ. ಹೊಳೆ ದಂಡೆಯ ಗಿಡಕ್ಕೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಯಾವ ಮೂಲೆಗೂ ಸಾಲದು. ಸಂಜೆ ಹೊತ್ತು ಬುಡ ತುಂಬ ನೆನೆಯುವ ಹಾಗೆ ಹಾಕಿ, ಮೇಲೆ ಕಾಂಪೋಸ್ಟ್ ಇಲ್ಲವೇ ಎಲೆಗೊಬ್ಬರದ ಹೊದಿಕೆ ಹಾಕಿ. ಕುಂಡದಲ್ಲಿದ್ದರೆ ಕುಂಡವೇ ಚಿಕ್ಕದಿರಬಹುದು, ಕನಿಷ್ಠ 30 ಸೆಂಟಿಮೀಟರ್ ಆಳ ಬೇಕು.

ಮಣ್ಣು ಒದ್ದೆ ಇದ್ದೂ ಗಿಡ ಬಾಡಿದ್ದರೆ ಚಿಂತೆ ಮಾಡಬೇಕಾದದ್ದು ಆಗ. ತೇವ ಬೇಕು ಅಂದರೆ ನೀರು ನಿಲ್ಲಬೇಕು ಅಂತಲ್ಲ. ಮಿಲ್ಟನ್ ಕೀನ್ಸ್ ಕಡೆಯ ಜೇಡಿಮಣ್ಣಿನಲ್ಲಿ ಚಳಿಗಾಲದ ಮಳೆ ನೀರು ಗುಂಡಿಯಲ್ಲಿ ಹಾಗೇ ಕೂತುಬಿಡುತ್ತದೆ, ಬೇರಿಗೆ ಉಸಿರಾಡಲು ಗಾಳಿಯೇ ಸಿಗುವುದಿಲ್ಲ. ಪಕ್ಕದಲ್ಲಿ ಫೋರ್ಕ್ ಹಾಕಿ ಸ್ವಲ್ಪ ಬೇರು ಎತ್ತಿ ನೋಡಿ. ಬೇರೆ ಗಿಡಗಳಲ್ಲಿ ಕೊಳೆತ ಬೇರನ್ನು ಮೂಗಿನಿಂದಲೇ ಕಂಡುಹಿಡಿಯುತ್ತೇವೆ ಅಲ್ವಾ, ಇದರಲ್ಲಿ ಆ ಉಪಾಯ ನಡೆಯುವುದಿಲ್ಲ, ಯಾಕಂದರೆ ಆರೋಗ್ಯವಾಗಿರುವ ವಲೇರಿಯನ್ ಬೇರಿಗೂ ಕೆಟ್ಟ ವಾಸನೆ ಇರುತ್ತದೆ. ಹಾಗಾಗಿ ಬೆರಳಿನಿಂದ ಪರೀಕ್ಷಿಸಿ. ಒಳ್ಳೆ ಬೇರು ತೆಳು ಕೆನೆ ಅಥವಾ ತಿಳಿ ಕಂದು, ಎಳೆದರೆ ಗಟ್ಟಿ. ಕೊಳೆತದ್ದು ಕಪ್ಪಗೆ, ಮೆತ್ತಗೆ ಇರುತ್ತದೆ, ಎರಡು ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿಯುತ್ತದೆ. ಸ್ವಲ್ಪ ಕೊಳೆತಿದ್ದರೆ ಕತ್ತರಿಸಿ ಎತ್ತರದ ಮಡಿಗೆ ಸ್ಥಳ ಬದಲಿಸಿ. ನಡುವಿನ ಬುಡವೇ ಮೆತ್ತಗಾಗಿದ್ದರೆ ಬಿಟ್ಟುಬಿಡಿ. ಕೊಳೆತ ಗಿಡದ ಉಳಿದ ಬೇರನ್ನು ಕಷಾಯಕ್ಕೆ ಬಳಸಲೇಬೇಡಿ.

ನೀರು ಸರಿ ಇದೆ, ಬೇರೂ ಸರಿ ಇದೆ ಅಂದರೆ ಯಾವ ಎಲೆ ಹಳದಿ ಅಂತ ಗಮನಿಸಿ. ಕೆಳಗಿನ ಹಳೇ ಎಲೆಗಳು ಒಟ್ಟಾಗಿ ಬಿಳಚಿಕೊಂಡರೆ ಸಾರಜನಕ ಕಡಿಮೆ, ಕೊಳೆತ ಗೊಬ್ಬರ ಒಂದೆರಡು ಹಿಡಿ ಹಾಕಿ. ಮೇಲಿನ ಚಿಗುರು ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣ ಸಿಗುತ್ತಿಲ್ಲ, ಚಿಲ್ಟರ್ನ್ಸ್ ಗುಡ್ಡಗಳ ಥರದ ಸುಣ್ಣಕಲ್ಲಿನ ಮಣ್ಣಿನಲ್ಲಿ ಹೀಗಾಗುತ್ತದೆ. ಅಲ್ಲಿ ದೊಡ್ಡ ಕುಂಡದಲ್ಲಿ ಬೆಳೆಸುವುದೇ ಸುಲಭ.

ಆಗಸ್ಟಿನಲ್ಲಿ ಎಲೆ ಮೇಲೆ ಬಿಳಿ ಹುಡಿ ಕಂಡರೆ ಬೂದಿ ರೋಗ, ಹೂದಂಟಿಗೆ ಕಪ್ಪು ಹಸಿರು ಚುಕ್ಕೆ ಮುತ್ತಿದ್ದರೆ ಸಸ್ಯಹೇನು. ಎರಡಕ್ಕೂ ಔಷಧಿ ಹೊಡೆಯಬೇಡಿ. ರೋಗದ ಎಲೆ ಕತ್ತರಿಸಿ, ಬುಡಕ್ಕೆ ನೀರು ಹಾಕಿ, ಹೇನನ್ನು ನೀರಿನ ಪೈಪಿನಿಂದ ತೊಳೆಯಿರಿ. ಗುಲಗಂಜಿ ಹುಳು ಬಂದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಬೇರನ್ನು ಮುಂದೆ ನಾವೇ ಕುಡಿಯುವವರು ಅನ್ನುವುದು ನೆನಪಿರಲಿ.

ಬೆಂಗಳೂರಿನ ತಾರಸಿಯಲ್ಲಿ ಹಾಕಿ ಏಪ್ರಿಲಿನಲ್ಲಿ ಬಾಡಿಹೋಯಿತು ಅನ್ನುವವರಿಗೆ: ತಪ್ಪು ನಿಮ್ಮದಲ್ಲ, ಬಿಸಿಲಿನದ್ದು. ಕಾದ ಸಿಮೆಂಟಿನ ಮೇಲಿನ ಕುಂಡ ಇದಕ್ಕೆ ಆಗಿಬರುವುದಿಲ್ಲ. ಅಲ್ಲಿ ಒಂದೆಲಗ ಹಾಕಿ, ಎಷ್ಟು ಬೇಕಾದರೂ ಬೆಳೆಯುತ್ತದೆ.

ಹೂವೇ ಬಿಡಲಿಲ್ಲ, ಅಥವಾ ಬಿಟ್ಟು ಅಡ್ಡ ಬಿತ್ತು

ಮೊದಲ ವರ್ಷ ಬರೀ ಬುಡದ ಎಲೆಗಳ ಗುಂಪು ಮಾತ್ರ ಇರುವುದು ಸಹಜ. ಎರಡನೇ ವರ್ಷವೂ ಬರದಿದ್ದರೆ ನೆರಳು ಜಾಸ್ತಿ ಇರಬೇಕು, ಅರ್ಧ ದಿನದ ಬಿಸಿಲಾದರೂ ಬೇಕು. ಬೇರಿಗಾಗಿ ಬೆಳೆಸುವವರಿಗೆ ಹೂವು ಬರದಿದ್ದರೆ ಲಾಭವೇ.

ಅಡ್ಡ ಬೀಳುವುದು ಗೊಬ್ಬರ ಜಾಸ್ತಿಯಾದಾಗ ಅಥವಾ ಗಾಳಿಗೆ. ಮೇ ತಿಂಗಳಲ್ಲೇ ಮೂರು ಕೋಲು ನೆಟ್ಟು ಸುತ್ತ ದಾರ ಕಟ್ಟಿ.

ಹೂವು ಬಿಟ್ಟರೆ ಮಾತ್ರ ಬೀಜ ಆಗುವ ಮುಂಚೆ ಗೊಂಚಲು ಕತ್ತರಿಸುವುದನ್ನು ಮರೆಯಬೇಡಿ. ಬೀಜಕ್ಕೆ ಹತ್ತಿಯಂಥ ಪುಕ್ಕ ಇರುತ್ತದೆ, ಗಾಳಿಯಲ್ಲಿ ಹಾರಿ ಪಕ್ಕದ ಮನೆಯ ಹುಲ್ಲುಹಾಸಿನಲ್ಲೂ ಹುಟ್ಟುತ್ತದೆ. ಅಮೆರಿಕದಲ್ಲಿರುವವರು ಇನ್ನೂ ಹುಷಾರಾಗಿರಬೇಕು. ಕನೆಕ್ಟಿಕಟ್‌ನಲ್ಲಿ ಇದನ್ನು ಆಕ್ರಮಣಕಾರಿ ಗಿಡ ಅಂತ ನಿಷೇಧಿಸಿದ್ದಾರೆ, ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲೂ ಇದರ ಮೇಲೆ ಕಣ್ಣಿಟ್ಟಿದ್ದಾರೆ. ನೆಡುವ ಮುಂಚೆ ನಿಮ್ಮ ರಾಜ್ಯದ ಪಟ್ಟಿ ನೋಡಿಕೊಳ್ಳಿ.

ಬೆಕ್ಕು ಬಂದು ಹೊರಳಾಡಿ ಕಿತ್ತುಹಾಕ್ತಿದೆ

ಗಿಡ ಚಪ್ಪಟೆಯಾಗಿ ಬಿದ್ದು, ಬುಡದ ಮಣ್ಣು ಕೆದರಿದ್ದರೆ ಬೆಕ್ಕೇ. ಬೇರಿನಲ್ಲಿರುವ ಆಕ್ಟಿನಿಡಿನ್ ಅನ್ನುವ ವಸ್ತುವಿನ ವಾಸನೆಗೆ ಬೆಕ್ಕುಗಳಿಗೆ ಅಮಲು ಬಂದಂತಾಗುತ್ತದೆ. ಹೊಸದಾಗಿ ನೆಟ್ಟಾಗ ಬೇರಿಗೆ ಗಾಯವಾಗಿ ವಾಸನೆ ಹೊರಡುತ್ತದೆ, ಅದಕ್ಕೇ ನೆಟ್ಟ ಮೊದಲ ವಾರದಲ್ಲೇ ಕಾಟ ಜಾಸ್ತಿ. ಕೋಳಿ ಬಲೆಯ ತುಂಡನ್ನು ಬುಡದ ಸುತ್ತ ಮಣ್ಣಿನ ಮೇಲೆ ಚಪ್ಪಟೆಯಾಗಿ ಹಾಸಿ ಕಲ್ಲಿಡಿ, ಚಿಗುರು ಸಂದಿನಿಂದ ಮೇಲೆ ಬರುತ್ತದೆ. ಗುಲಾಬಿ ಗಿಡ ಸವರಿದಾಗ ಸಿಗುವ ಮುಳ್ಳುಕಡ್ಡಿಯೂ ಆಗುತ್ತದೆ. ಒಣಗಲು ಇಟ್ಟ ಬೇರು ಇರುವ ಕೋಣೆಯ ಬಾಗಿಲು ಹಾಕಿಡಿ.

ಅಗೆದು ನೋಡಿದರೆ ಬೇರು ಒಂದು ಹಿಡಿಯೂ ಇಲ್ಲ

ಯಾವಾಗ ಅಗೆದಿರಿ? ಮೊದಲ ವರ್ಷ ಅಗೆದಿದ್ದರೆ ಸಿಗುವುದು ಇಷ್ಟೇ. ಬೇಸಿಗೆ ಮಧ್ಯದಲ್ಲಿ ಅಗೆದಿದ್ದರೂ ಅಷ್ಟೇ, ಆಗ ಗಿಡದ ಶಕ್ತಿಯೆಲ್ಲ ಹೂವಿಗೆ ಹೋಗಿರುತ್ತದೆ. ಎರಡನೇ ವರ್ಷ ಹೂದಂಟು ಮೇಲೇಳುತ್ತಿದ್ದ ಹಾಗೇ ಕತ್ತರಿಸುತ್ತಾ ಬನ್ನಿ. ಅಕ್ಟೋಬರಿನಲ್ಲಿ ಎಲೆ ಒಣಗಿದ ಮೇಲೆ ಅಗೆಯಿರಿ, ಇಲ್ಲವೇ ಮಾರ್ಚಿಯಲ್ಲಿ ಹೊಸ ಚಿಗುರು ಬರುವ ಮೊದಲು.

ಅಗೆಯುವ ಕ್ರಮದಲ್ಲೂ ಬೇರು ಕಳೆದುಹೋಗುತ್ತದೆ. ಗುದ್ದಲಿ ಹಾಕಿದರೆ ಅರ್ಧ ಬೇರು ಕತ್ತರಿಸಿ ಮಣ್ಣಿನಲ್ಲೇ ಉಳಿಯುತ್ತದೆ. ಬುಡದಿಂದ ಒಂದು ಗೇಣು ದೂರದಲ್ಲಿ ಫೋರ್ಕ್ ಇಳಿಸಿ, ನಾಲ್ಕೂ ಕಡೆಯಿಂದ ಸಡಿಲಿಸಿ, ಇಡೀ ಬೇರಿನ ಉಂಡೆಯನ್ನು ಎತ್ತಿ. ನಡುವೆ ಹೆಬ್ಬೆರಳು ಗಾತ್ರದ ಗಿಡ್ಡ ಬುಡ, ಅದರ ಸುತ್ತ ಒತ್ತೊತ್ತಾಗಿ ಜೋತುಬಿದ್ದ ತೆಳು ಬೇರುಗಳು, ಬೇರಿಗೆ ಬೇರು ಹೆಣೆದುಕೊಂಡು ನಡುವೆ ಮಣ್ಣು, ಸಣ್ಣ ಕಲ್ಲು, ಎರೆಹುಳು ಎಲ್ಲಾ ಸಿಕ್ಕಿಕೊಂಡಿರುತ್ತವೆ. ಇಡಿಯಾಗಿ ತೊಳೆದರೆ ಒಳಗಿನ ಮಣ್ಣು ಹೋಗುವುದೇ ಇಲ್ಲ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಚಾಕುವಿನಿಂದ ಬುಡವನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ, ಒಂದೊಂದು ಹೋಳನ್ನೂ ಹರಿಯುವ ನೀರಿನ ಕೆಳಗೆ ಬೆರಳಿನಿಂದ ಕೂದಲು ಬಿಡಿಸುವ ಹಾಗೆ ಬಿಡಿಸಿ ತೊಳೆಯಿರಿ. ಕಣ್ಣು (ಚಿಗುರು ಮೊಗ್ಗು) ಇರುವ ಒಂದು ಹೋಳನ್ನು ತೊಳೆಯದೆ ಪಕ್ಕಕ್ಕಿಡಿ, ಅದನ್ನು ಮತ್ತೆ ನೆಟ್ಟರೆ ಮುಂದಿನ ಗಿಡ.

ಸರಿಯಾದ ಕಾಲದಲ್ಲಿ ಅಗೆದೂ ಬೇರು ಕಡಿಮೆ ಇದ್ದರೆ ಮಣ್ಣು ಗಟ್ಟಿ ಇದೆ, ಇಲ್ಲ ಬೇಸಿಗೆಯಲ್ಲಿ ಒಣಗಿತ್ತು. ಮುಂದಿನ ಸಲ ಒಂದು ಅಡಿ ಆಳ ಸಡಿಲ ಮಾಡಿ ಕಾಂಪೋಸ್ಟ್ ಬೆರೆಸಿ ನೆಡಿ.

ಒಣಗಿಸಿದ ಬೇರು ನಾರುತ್ತಿದೆ, ಅಥವಾ ವಾಸನೆಯೇ ಇಲ್ಲ

ನಾರಿದರೆ ಸರಿಯಾಗಿದೆ. ಹಸಿಯಾಗಿದ್ದಾಗ ವಾಸನೆ ಕಡಿಮೆ, ಒಣಗುತ್ತಾ ಐಸೋವಲೆರಿಕ್ ಆಮ್ಲ ಹೊರಬಂದು ಹಳೇ ಬೆವರು, ಹಳೇ ಚೀಸ್ ವಾಸನೆ ಏರುತ್ತದೆ. ಮನೆಯವರು ಬೈಯುತ್ತಾರೆ, ಶೆಡ್ಡಿನಲ್ಲಿ ಒಣಗಿಸುವುದು ಒಳ್ಳೆಯದು.

ನಾರುವುದಕ್ಕೂ ಬೂಸ್ಟು ಹಿಡಿದ ವಾಸನೆಗೂ ವ್ಯತ್ಯಾಸ ಇದೆ. ಮಳೆಗಾಲದಲ್ಲಿ ಒದ್ದೆ ಗೋಣಿಚೀಲ ಮೂಲೆಯಲ್ಲಿ ಬಿದ್ದಾಗ ಬರುವ ಮುಗ್ಗಲು ವಾಸನೆ ಬಂದರೆ, ಬೇರಿನ ಕವಲುಗಳಲ್ಲಿ ಬಿಳಿ ಅಥವಾ ಹಸಿರು ಬೂಸ್ಟು ಕಂಡರೆ, ಡಬ್ಬಿಯಲ್ಲಿದ್ದ ಅಷ್ಟನ್ನೂ ಬಿಸಾಡಿ. ಬೂಸ್ಟು ಕೆರೆದು ಉಳಿದದ್ದು ಬಳಸುವುದು ಬೇಡ, ಬಿಸಿಲಿಗಿಟ್ಟು ಸರಿಮಾಡುವುದೂ ಬೇಡ. ಸರಿಯಾಗಿ ಒಣಗುವ ಮುಂಚೆ ಡಬ್ಬಿಗೆ ತುಂಬಿದ್ದರಿಂದ ಹೀಗಾಗುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ದಪ್ಪನೆಯ ತುಂಡು ಬಗ್ಗಿಸಿ. ಟಪ್ ಅಂತ ಮುರಿಯಬೇಕು. ಬಗ್ಗಿದರೆ ಇನ್ನೂ ಕಾಲ ಇದೆ.

ವಾಸನೆಯೇ ಇಲ್ಲದಿದ್ದರೆ ಮೂರು ಕಾರಣ. ಶಾಖ ಜಾಸ್ತಿಯಾಗಿದೆ, ಬೇರು ತುಂಬಾ ಹಳೇದಾಗಿದೆ, ಇಲ್ಲವೇ ಗಿಡವೇ ವಲೇರಿಯನ್ ಅಲ್ಲ. ಯೂರೋಪಿನ ಔಷಧ ಮಾನಕದಲ್ಲೂ ಈ ಬೇರನ್ನು 40 ಡಿಗ್ರಿ ದಾಟದಂತೆ ಒಣಗಿಸಬೇಕು ಅಂತಿದೆ, ಅದಕ್ಕಿಂತ ಬಿಸಿಯಾದರೆ ಆವಿಯಾಗುವ ಎಣ್ಣೆ ಹೋಗಿಬಿಡುತ್ತದೆ. ಅಡುಗೆ ಓವನ್‌ಗಳು ಬಹಳಷ್ಟು 50 ಡಿಗ್ರಿಯಿಂದಲೇ ಶುರು, ಅದಕ್ಕೇ ಓವನ್ ಬೇಡ. ಮೂರನೇ ಕಾರಣ ಇರಬಹುದು ಅನ್ನುವ ಸಣ್ಣ ಅನುಮಾನ ಬಂದರೂ ಆ ಬೇರನ್ನು ಕುಡಿಯಬೇಡಿ, ಮೊದಲ ವಿಭಾಗಕ್ಕೆ ಹಿಂದಿರುಗಿ ಗಿಡ ಪರೀಕ್ಷಿಸಿ.

ಊರಿಂದ ತಂದ 'ತಗರ' ಬೇರೆ ಥರ ಇದೆ

ಅಪ್ಪ ಅಮ್ಮ ಬರುವಾಗ ಗ್ರಂಧಿಗೆ ಅಂಗಡಿಯಿಂದ ತಗರದ ಬೇರು ತಂದುಕೊಡುತ್ತಾರೆ, ಅದೂ ಇದೂ ಒಂದೇನಾ ಅಂತ ಕೇಳುವವರಿದ್ದಾರೆ. ಹತ್ತಿರದ ಸಂಬಂಧಿ, ಆದರೆ ಒಂದೇ ಅಲ್ಲ. ಆಯುರ್ವೇದದ ತಗರ ಅಂದರೆ ಸಾಮಾನ್ಯವಾಗಿ ವಲೇರಿಯಾನಾ ಜಟಾಮಾನ್ಸಿ, ಹಿಮಾಲಯದ ಗಿಡ. ಎತ್ತರ ಕಡಿಮೆ, ಬುಡದ ಎಲೆಗಳು ಹೃದಯದಾಕಾರ. ಹೆಸರಿನಲ್ಲಿ ಜಟಾಮಾನ್ಸಿ ಇದ್ದರೂ ಅಂಗಡಿಯ ಜಟಾಮಾಂಸಿ ಬೇರೆ, ಅದು ನಾರ್ಡೋಸ್ಟಾಕಿಸ್ ಅನ್ನುವ ಇನ್ನೂ ಎತ್ತರದ ಗಿಡ. ಕಾಡಿನಲ್ಲಿ ಕಡಿಮೆಯಾಗುತ್ತಿರುವುದರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ (ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರದ) ಒಪ್ಪಂದದ ನಿಯಂತ್ರಣ ಇದೆ, ಸೂಟ್‌ಕೇಸಿನಲ್ಲಿ ತರಿಸಿಕೊಳ್ಳಬೇಡಿ. ಇದು ಸಾಲದು ಅಂತ ಉತ್ತರ ಭಾರತದ ಹಲವು ಕಡೆ ನಮ್ಮ ನಂದಿಬಟ್ಟಲಿಗೂ 'ತಗರ್' ಅನ್ನುತ್ತಾರೆ. ಪುಡಿಯಾಗಿ ಬಂದರೆ ಯಾವುದು ಯಾವುದು ಅಂತ ಮನೆಯಲ್ಲಿ ಹೇಳಲು ಆಗುವುದೇ ಇಲ್ಲ. ಹೆಸರೊಂದನ್ನೇ ನಂಬಿ ಕುಡಿಯಬೇಡಿ. ಕೆಳಗೆ ಬರೆದಿರುವ ಅಳತೆಯೂ ತಗರಕ್ಕೆ ಅನ್ವಯಿಸುವುದಿಲ್ಲ, ಅದಕ್ಕೆ ಆಯುರ್ವೇದ ವೈದ್ಯರನ್ನೇ ಕೇಳಬೇಕು.

ಕಷಾಯ ಕುಡಿದರೂ ನಿದ್ದೆ ಬರ್ತಿಲ್ಲ

ನಿದ್ದೆ ಬಾರದವರಿಗೆ ಈ ಬೇರು ಕೊಡುವ ಪದ್ಧತಿ ಬಹಳ ಹಳೇದು, ಎರಡನೇ ಶತಮಾನದಲ್ಲಿ ಗ್ರೀಕ್ ವೈದ್ಯ ಗ್ಯಾಲನ್ ಕೊಡುತ್ತಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಜನ ವಿಮಾನದಾಳಿಯ ಆತಂಕ ತಡೆಯಲು ಇದನ್ನು ಬಳಸಿದರು. ಯೂರೋಪಿಯನ್ ಔಷಧ ಸಂಸ್ಥೆ ಸಣ್ಣ ಪ್ರಮಾಣದ ಮಾನಸಿಕ ಒತ್ತಡಕ್ಕೂ ನಿದ್ದೆಗೂ ಇದರ ಸಾಂಪ್ರದಾಯಿಕ ಬಳಕೆಯನ್ನು ಒಪ್ಪುತ್ತದೆ. ಅದೇ ಹೊತ್ತಿಗೆ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2017ರ ಮಾರ್ಗಸೂಚಿಯಲ್ಲಿ, ದೀರ್ಘಕಾಲದ ನಿದ್ರಾಹೀನತೆಗೆ ಇದನ್ನು ಬಳಸದಿರುವಂತೆ ವೈದ್ಯರಿಗೆ ಸೂಚಿಸಿತು, ಪುರಾವೆ ಸಾಲದು ಅಂತ. ಎರಡನ್ನೂ ತಿಳಿದೇ ಕುಡಿಯಬೇಕು.

ಈಗ ಪರೀಕ್ಷೆಗಳು. ಸಂಜೆ ಆರಕ್ಕೆ ಫಿಲ್ಟರ್ ಕಾಫಿ ಕುಡಿಯುತ್ತೀರಾ? ಮೊದಲು ಅದನ್ನು ಮಧ್ಯಾಹ್ನಕ್ಕೆ ತನ್ನಿ, ಒಂದು ವಾರ ನೋಡಿ. ಎಷ್ಟು ದಿನದಿಂದ ಕುಡಿಯುತ್ತಿದ್ದೀರಿ? ಇದು ನುಂಗಿದ ರಾತ್ರಿಯೇ ಕೆಡವುವ ನಿದ್ದೆ ಮಾತ್ರೆ ಅಲ್ಲ. ಎರಡರಿಂದ ನಾಲ್ಕು ವಾರ ದಿನಾ ತೆಗೆದುಕೊಂಡ ಮೇಲೆ ನಿಧಾನವಾಗಿ ಗೊತ್ತಾಗುವಂಥದ್ದು. ಆಮೇಲೆ ಅಳತೆ. ಚಮಚದಲ್ಲಿ ಅಂದಾಜು ಮಾಡಬೇಡಿ, ಗ್ರಾಂ ತೋರಿಸುವ ಅಡುಗೆ ತಕ್ಕಡಿ ಬಳಸಿ. ಯೂರೋಪಿಯನ್ ಸಂಸ್ಥೆಯ ಪ್ರಕಾರ 150 ಮಿಲಿಲೀಟರ್ ಕುದಿಯುವ ನೀರಿಗೆ 0.3ರಿಂದ 3 ಗ್ರಾಂ ಒಣಬೇರು, ಮಲಗುವ ಅರ್ಧದಿಂದ ಒಂದು ಗಂಟೆ ಮುಂಚೆ. ಮನೆಯಲ್ಲಿ ಬೆಳೆದ ಬೇರಿನ ಸತ್ವ ಎಷ್ಟು ಅಂತ ಅಳೆಯಲು ಆಗುವುದಿಲ್ಲ, ಆದ್ದರಿಂದ ಕಡಿಮೆಯಿಂದ ಶುರುಮಾಡಿ. ಲೋಟಕ್ಕೆ ತಟ್ಟೆ ಮುಚ್ಚಿ ಹತ್ತು ಹದಿನೈದು ನಿಮಿಷ ಬಿಡಿ. ನಮ್ಮ ಕಷಾಯದ ಥರ ಕೊತಕೊತ ಕುದಿಸಿ ಅರ್ಧಕ್ಕೆ ಇಳಿಸಿದರೆ ಎಣ್ಣೆ ಆವಿಯಾಗಿ ಹೋಗುತ್ತದೆ.

ನಿದ್ದೆ ಬರಲಿಲ್ಲ ಅಂತ ಪ್ರಮಾಣ ಮಾತ್ರ ಏರಿಸುತ್ತಾ ಹೋಗಬೇಡಿ. ಸುಮಾರು 20 ಗ್ರಾಂ ಒಮ್ಮೆಲೇ ತೆಗೆದುಕೊಂಡಾಗ ಸುಸ್ತು, ಹೊಟ್ಟೆ ಹಿಡಿದುಕೊಳ್ಳುವುದು, ಎದೆ ಬಿಗಿತ, ಕೈ ನಡುಕ ಬಂದ ದಾಖಲೆ ಇದೆ. ಮಾಮೂಲಿ ಪ್ರಮಾಣದಲ್ಲೂ ಕೆಲವರಿಗೆ ವಾಕರಿಕೆ, ಹೊಟ್ಟೆನೋವು ಬರುತ್ತದೆ. ಇನ್ನು ಕೆಲವರಿಗೆ ಉಲ್ಟಾ, ಚಡಪಡಿಕೆ ಜಾಸ್ತಿಯಾಗುತ್ತದೆ. ಅಂಥವರಿಗೆ ಇದು ಹಿಡಿಸುವುದಿಲ್ಲ ಅಂತ ಅರ್ಥ, ನಿಲ್ಲಿಸಿ.

ಬಸುರಿಯರು, ಹಾಲುಣಿಸುವ ತಾಯಂದಿರು, 12 ವರ್ಷದೊಳಗಿನ ಮಕ್ಕಳು ಕುಡಿಯಬಾರದು. ನಿದ್ದೆ ಮಾತ್ರೆ, ಆತಂಕದ ಮಾತ್ರೆ, ಅಥವಾ ಮಂಪರು ತರುವ ಯಾವುದೇ ಔಷಧ ನಡೆಯುತ್ತಿದ್ದರೆ ಜಿಪಿ (ನಿಮ್ಮ ಸ್ಥಳೀಯ ವೈದ್ಯರು) ಅಥವಾ ಫಾರ್ಮಸಿಸ್ಟ್ ಕೇಳದೆ ಬೇಡ. ಮದ್ಯದ ಜೊತೆ ಬೇಡ. ಕುಡಿದ ಮೇಲೆ ಕಾರು ಓಡಿಸಬೇಡಿ. ಆಪರೇಷನ್ ನಿಗದಿಯಾಗಿದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ಮುಂಚೆಯೇ ತಿಳಿಸಿ. ಅಳತೆಯ ತಲೆನೋವೇ ಬೇಡ ಅನ್ನುವವರು ಅಂಗಡಿಯ ಮಾತ್ರೆ ಕೊಳ್ಳುವುದಾದರೆ ಡಬ್ಬಿಯ ಮೇಲೆ 'ಟಿಎಚ್‌ಆರ್' (ಸಾಂಪ್ರದಾಯಿಕ ಗಿಡಮೂಲಿಕೆ ಔಷಧಿಯ ನೋಂದಣಿ) ಗುರುತು ಇರುವುದನ್ನೇ ಕೊಳ್ಳಿ.

ಕಣ್ಣು, ಚರ್ಮ ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅವತ್ತೇ ನಿಲ್ಲಿಸಿ ವೈದ್ಯಕೀಯ ಸಲಹೆಯ ಸಂಖ್ಯೆ 111ಕ್ಕೆ ಫೋನ್ ಮಾಡಿ. ಪಿತ್ತಜನಕಾಂಗಕ್ಕೆ ತೊಂದರೆಯಾದ ವರದಿಗಳು ಅಪರೂಪಕ್ಕೆ ಇವೆ. ಉಸಿರಾಟಕ್ಕೆ ಕಷ್ಟ, ಎಬ್ಬಿಸಿದರೂ ಏಳದಿರುವುದು, ಮುಖ ಊದಿಕೊಳ್ಳುವುದು ಕಂಡರೆ 999.

ನಾಲ್ಕು ವಾರ ಸರಿಯಾಗಿ ಕುಡಿದೂ ನಿದ್ದೆ ಸುಧಾರಿಸದಿದ್ದರೆ ಬೇರಿನ ತಪ್ಪು ಹುಡುಕುವುದನ್ನು ಬಿಟ್ಟು ಜಿಪಿ ಹತ್ತಿರ ಹೋಗಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆ ಅಂತ ಪಕ್ಕದಲ್ಲಿ ಮಲಗುವವರು ಹೇಳಿದ್ದರೆ, ಹಗಲು ಕಾರು ಓಡಿಸುವಾಗ ಕಣ್ಣು ಮುಚ್ಚಿಹೋಗುತ್ತಿದ್ದರೆ, ಮನಸ್ಸಿಗೆ ವಾರಗಟ್ಟಲೆ ಏನೂ ಬೇಡ ಅನಿಸುತ್ತಿದ್ದರೆ, ಆ ನಾಲ್ಕು ವಾರವೂ ಕಾಯಬೇಡಿ. ಸ್ಲೀಪ್ ಅಪ್ನಿಯಾ, ಥೈರಾಯ್ಡ್, ಖಿನ್ನತೆ ಇವಕ್ಕೆಲ್ಲ ಬೇರೆ ಬೇರೆ ಚಿಕಿತ್ಸೆ ಇದೆ, ಯಾವ ಕಷಾಯವೂ ಅದರ ಬದಲಿಗೆ ಬರುವುದಿಲ್ಲ. ಹೋಗುವಾಗ ಬೇರಿನ ಡಬ್ಬಿ ಜೊತೆಗಿರಲಿ. ಯಾವತ್ತಿಂದ ಕುಡಿಯುತ್ತಿದ್ದೀರಿ, ದಿನಕ್ಕೆ ಎಷ್ಟು ಗ್ರಾಂ, ಬೇರೆ ಯಾವ ಮಾತ್ರೆಗಳಿವೆ, ಊರಿಂದ ತಂದ ಪುಡಿಗಳೂ ಸೇರಿ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.